ರಾತ್ರಿಗೆ ಸೊನ್ನೆ ಯಾಕೆ? ಮಿದುಳು ಗಡ್ಡೆ ಆಪರೇಷನ್ ಆದವರ ಮಾತ್ರೆ ಚೀಟಿ

[ಪರದೆ ಮೇಲೆ: ಡಿಸ್ಚಾರ್ಜ್ ಚೀಟಿಯ ಒಂದು ಸಾಲು, ಡೆಕ್ಸಾಮೆಥಸೋನ್ 1-1-0: ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ರಾತ್ರಿ ಸೊನ್ನೆ]

ಹೊಸನಗರದ ಕಡೆಯಿಂದ ಬಂದ ಪ್ರಶ್ನೆ: "ಬೆಂಗಳೂರಲ್ಲಿ ಮಿದುಳಿನ ಗಡ್ಡೆ ತೆಗೆಸ್ಕೊಂಡು ಬಂದ ಭಾವ ಹತ್ತು ದಿನ ಆರಾಮಾಗಿದ್ರು. ಈಗ ತಲೆನೋವು, ವಾಂತಿ. ಗಡ್ಡೆ ಮತ್ತೆ ಬಂತಾ?"

ಮೊದಲು ಆಸ್ಪತ್ರೆಗೆ ಹೊರಡಿ. ಒಳಗೆ ರಕ್ತ ಸೋರಿದ್ಯಾ, ನಂಜಾಗಿದ್ಯಾ, ನೀರು ತುಂಬಿದ್ಯಾ ಅಂತ ಪರೀಕ್ಷೆ ಮಾಡದೆ ಯಾರೂ ಹೇಳೋಕಾಗಲ್ಲ. ಅಲ್ಲಿ ಒಂದು ವಿಷಯ ಮರೀದೆ ಹೇಳಿ: ಡೆಕ್ಸಾಮೆಥಸೋನ್ ನಿಲ್ಲಿಸಿದ್ರಾ, ಇಲ್ವಾ?

ಇದು ಸ್ಟೀರಾಯ್ಡ್. ಗಡ್ಡೆ ಸುತ್ತಲಿನ ಮಿದುಳಿನ ಊತ ಇಳಿಸುತ್ತೆ. ಹೊಟ್ಟೆಗೆ ಏನಾದ್ರೂ ಬಿದ್ದಮೇಲೆ ನುಂಗಬೇಕು. ರಾತ್ರಿ ನುಂಗಿದ್ರೆ ನಿದ್ದೆ ಹಾಳು, ಸೊನ್ನೆ ಅದಕ್ಕೇ. ಹಸಿವು ಕೆರಳುತ್ತೆ, ಮುಖ ಊದುತ್ತೆ, ಶುಗರ್ ಏರುತ್ತೆ. ಮನೆಯವರು "ಮಾತ್ರೆ ಉಷ್ಣ ಆಯ್ತು" ಅಂತ ತೀರ್ಪು ಕೊಟ್ಟು ನಿಲ್ಲಿಸಿಬಿಡ್ತಾರೆ. ಇನ್ನು ಕೆಲವರು ನಾಟಿ ಔಷಧಿ ಹಿಡಿದು ಇದನ್ನ ಬಿಡ್ತಾರೆ. ಎಡವೋದು ಇಲ್ಲೇ.

[ದೃಶ್ಯ: ಅಬ್ಬಿ ನೀರಿನ ಪೈಪ್, ಪಕ್ಕದಲ್ಲಿ ಪಾಚಿಗಟ್ಟಿದ ಬಾವಿ]

ಎರಡು ಮೂತ್ರಪಿಂಡದ ತಲೆ ಮೇಲೆ ಹಾಳೆಟೋಪಿ ಇಟ್ಟ ಹಾಗೆ ಅಡ್ರಿನಲ್ ಗ್ರಂಥಿ ಕೂತಿರುತ್ತೆ. ದೇಹಕ್ಕೆ ಬೇಕಾದ ಕಾರ್ಟಿಸಾಲ್ ಅನ್ನೋ ಹಾರ್ಮೋನ್ ಅಲ್ಲೇ ತಯಾರು. ಅದರದೇ ಕೆಲಸ ಮಾಡೋ ಸ್ಟೀರಾಯ್ಡ್ ಹೊರಗಿಂದ ಬರ್ತಿದ್ರೆ ಮಿದುಳು "ಸಾಕಷ್ಟಿದೆ" ಅಂತ ಗ್ರಂಥಿಗೆ ಕೆಲಸ ಹೇಳೋದನ್ನೇ ಬಿಡುತ್ತೆ. ಗುಡ್ಡದಿಂದ ಅಬ್ಬಿ ನೀರು ಅಂಗಳಕ್ಕೇ ಬರ್ತಿರುವಾಗ ಬಾವಿ ಕಡೆ ಯಾರು ಹೋಗ್ತಾರೆ? ಹಗ್ಗ ಲಡ್ಡಾಗುತ್ತೆ, ರಾಟೆ ತುಕ್ಕು ಹಿಡಿಯುತ್ತೆ. ಒಂದು ದಿನ ಪೈಪ್ ಕಿತ್ತುಹೋದ್ರೆ ಬಾವೀಲಿ ನೀರಿದೆ, ಸೇದೋಕೆ ಹಗ್ಗ ಇಲ್ಲ! ಕೆಲವು ವಾರ ನುಂಗಿದ ಮಾತ್ರೆ ಏಕಾಏಕಿ ಬಿಟ್ರೆ ಬಿಪಿ ಇಳಿದು ಸುಸ್ತು, ವಾಂತಿ. ಮಿದುಳಿನ ಊತವೂ ಮರಳಬಹುದು, ಜೊತೆಗೆ ತಲೆನೋವು.

ಅದಕ್ಕೇ 4 ಎಂಜಿ ಇದ್ದದ್ದು 2, ಆಮೇಲೆ 1 ಅಂತ ಮೆಟ್ಟಿಲು ಇಳಿದ ಹಾಗೆ ಇಳಿಸೋದು. ಎಷ್ಟು ದಿನಕ್ಕೊಂದು ಮೆಟ್ಟಿಲು ಅನ್ನೋದು ನಿಮ್ಮ ಚೀಟೀಲೇ ಇರಬೇಕು. ಇಲ್ದಿದ್ರೆ ಡಿಸ್ಚಾರ್ಜ್ ದಿನವೇ ಕೇಳಿ ಬರೆಸಿಕೊಳ್ಳಿ. ಮಳೆಗಾಲದಲ್ಲಿ ರಸ್ತೆ ಮೇಲೆ ಮರ ಬಿದ್ರೆ ಮೆಡಿಕಲ್ ಶಾಪ್ ಹತ್ರ ಇದ್ದೂ ದೂರ. ವಾರಕ್ಕಾಗುವಷ್ಟು ಮಾತ್ರೆ ಹೆಚ್ಚಿಗೆ ಇಟ್ಕೊಳ್ಳಿ.

ಟೈಮ್ ಆಯ್ತು ಅಂತ ಎಡಿಟರ್ ಕೈ ಬೀಸ್ತಿದ್ದಾರೆ, ಉಳಿದದ್ದು ಒಂದೇ ಉಸಿರಲ್ಲಿ. ಈ ಮಾತ್ರೆ ತೊಡೆಯ ಬಲ ಕುಗ್ಗಿಸುತ್ತೆ, ಕುಕ್ಕರಗಾಲಲ್ಲಿ ಕೂತವರಿಗೆ ಏಳೋಕಾಗಲ್ಲ. ಟಾಯ್ಲೆಟ್‌ಗೆ ಕಮೋಡ್ ಕುರ್ಚಿ ತನ್ನಿ. ಹೊಲಿಗೆ ಮೇಲೆ ಕೊಬ್ಬರಿ ಎಣ್ಣೆ ಬೇಡ. ಗಾಯದಿಂದಲೋ ಮೂಗಿಂದಲೋ ತಿಳಿನೀರು ಸೋರಿದ್ರೆ, ಜ್ವರದ ಜೊತೆ ಕತ್ತು ಬಿಗಿದ್ರೆ ಬೆಳಗಾಗಲಿ ಅಂತ ಕಾಯ್ಬೇಡಿ. ಫಿಟ್ಸ್ ಬಂದ್ರೆ ಕೈಗೆ ಕೀಲಿ ಗೊಂಚಲು ಕೊಡ್ಬೇಡಿ, ಬಾಯಿಗೆ ಚಮಚ ತುರುಕ್ಬೇಡಿ. ಒಂದು ಮಗ್ಗುಲಿಗೆ ತಿರುಗಿಸಿ, ಗಡಿಯಾರ ನೋಡಿ. 5 ನಿಮಿಷ ದಾಟಿದ್ರೆ 108. ಬೈಕ್, ಅಡಿಕೆ ಮರ, ಹೊಳೆ ಈಜು ಡಾಕ್ಟರ್ ಒಪ್ಪೋ ತನಕ ಇಲ್ಲ.

ಚೀಟಿಯ ಫೋಟೋ ಮನೆಯ ಇಬ್ಬರ ಫೋನಲ್ಲಾದ್ರೂ ಇರಲಿ. ಘಟ್ಟದಲ್ಲಿ ಸಿಗ್ನಲ್ ಇಲ್ದಿದ್ರೂ ಗ್ಯಾಲರಿ ತೆರೆಯುತ್ತೆ.