ಹದಿನೆಂಟರ ಹರೆಯದವರು ನಡೆಸುವ ಶಿಬಿರ

ಎಲ್ಲರಿಗೂ ನಮಸ್ಕಾರ.

ಈ ಸಭೆಯಲ್ಲಿ ಕನ್ನಡ ಶಾಲೆ ನಡೆಸುವವರೇ ಜಾಸ್ತಿ ಇದ್ದೀರಿ. ವಾರವೆಲ್ಲ ಆಫೀಸಿನಲ್ಲಿ ದುಡಿದು, ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಅಆಇಈ ಕಲಿಸುವವರು. ಅಮೆರಿಕದಲ್ಲಿರುವ ಬೇರೆ ಸಮುದಾಯಗಳು ಈ ಕೆಲಸವನ್ನು ಹೇಗೆ ಮಾಡುತ್ತವೆ ಅನ್ನುವುದರ ಬಗ್ಗೆ ಮಾತಾಡಿ ಅಂತ ಕೇಳಿದಿರಿ. ನನಗೆ ತಕ್ಷಣ ನೆನಪಾದದ್ದು ಯಹೂದಿಗಳ ಬೇಸಿಗೆ ಶಿಬಿರ. ಅದರಲ್ಲೂ ನಾನು ಹೇಳಬೇಕೆಂದಿರುವುದು ಅಲ್ಲಿನ ಕೆರೆ, ದೋಣಿ, ಹಾಡಿನ ಬಗ್ಗೆ ಅಲ್ಲ. ಅದನ್ನು ನಡೆಸುವ ಜನರ ಬಗ್ಗೆ.

ಮೊದಲು ಶಿಬಿರ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ಶಾಲೆಗೆ ಬೇಸಿಗೆ ರಜೆ ಬಂದ ಮೇಲೆ ಮಕ್ಕಳು ಅಪ್ಪ ಅಮ್ಮನನ್ನು ಬಿಟ್ಟು ಕೆಲವು ವಾರ ಕಾಡಿನ ನಡುವೆ, ಕೆರೆಯ ದಡದಲ್ಲಿ, ಮರದ ಕ್ಯಾಬಿನ್‌ಗಳಲ್ಲಿ ಇರುತ್ತಾರೆ. ಕೆಲವರು ಎರಡು ತಿಂಗಳು ಇರುವುದೂ ಉಂಟು. ಉತ್ತರ ಅಮೆರಿಕದಲ್ಲಿ ಲಾಭದ ಉದ್ದೇಶವಿಲ್ಲದ ಇಂಥ ಯಹೂದಿ ಶಿಬಿರಗಳು 150ಕ್ಕೂ ಹೆಚ್ಚಿವೆ. ಮೇಲೆ ಒಬ್ಬ ನಿರ್ದೇಶಕ ಅಥವಾ ನಿರ್ದೇಶಕಿ ಇರುತ್ತಾರೆ. ಅವರಿಗೆ ಇದು ವರ್ಷವಿಡೀ ಕೆಲಸ. ಅವರ ಕೆಳಗೆ ಒಂದೊಂದು ವಯಸ್ಸಿನ ಗುಂಪಿಗೆ ಒಬ್ಬೊಬ್ಬ ಮುಖ್ಯಸ್ಥರು. ಅವರಿಗೆ ಇಪ್ಪತ್ತು ಚಿಲ್ಲರೆ ವರ್ಷ. ಅನೇಕ ಶಿಬಿರಗಳಲ್ಲಿ ಅವರನ್ನು 'ರೋಶ್ ಏದಾ' ಅಂತ ಯಹೂದಿಗಳ ಭಾಷೆಯಾದ ಹೀಬ್ರೂವಿನಲ್ಲೇ ಕರೆಯುತ್ತಾರೆ. ಅವರ ಕೆಳಗೆ ಕೌನ್ಸೆಲರ್‌ಗಳು. ಕಾಲೇಜಿಗೆ ಈಗಷ್ಟೇ ಕಾಲಿಟ್ಟ ಹುಡುಗ ಹುಡುಗಿಯರು. ಹೆಚ್ಚಿನವರು ಅದೇ ಶಿಬಿರದಲ್ಲಿ ಬೆಳೆದವರು.

ಮಗು ಮಲಗುವ ಕ್ಯಾಬಿನ್‌ನಲ್ಲೇ ಕೌನ್ಸೆಲರ್ ಮಲಗುತ್ತಾರೆ. ರಾತ್ರಿ ಮನೆ ನೆನಪಾಗಿ ಅತ್ತರೆ ಎದ್ದು ಬರುವುದು ಅವರೇ. ಊಟದ ನಂತರದ ಪ್ರಾರ್ಥನೆಯನ್ನು ಮೇಜು ಬಡಿದು ಹಾಡಿಸುವುದು ಅವರೇ. ಶುಕ್ರವಾರ ಮಧ್ಯಾಹ್ನ ಕ್ಯಾಬಿನ್ ಗುಡಿಸಿಸಿ, ಮಕ್ಕಳಿಗೆ ಸ್ನಾನ ಮಾಡಿಸಿ, ಒಳ್ಳೆಯ ಬಟ್ಟೆ ಹಾಕಿಸಿ, ಆ ಸಂಜೆ ಶುರುವಾಗುವ ವಾರದ ಪವಿತ್ರ ವಿಶ್ರಾಂತಿ ದಿನ ಶಬ್ಬಾತ್‌ಗೆ ಕರೆದುಕೊಂಡು ಹೋಗುವುದೂ ಅವರೇ. ಹತ್ತು ವರ್ಷದ ಮಗುವಿಗೆ ನಿರ್ದೇಶಕರ ಮುಖ ಅಷ್ಟಾಗಿ ನೆನಪಿರುವುದಿಲ್ಲ. ಅದರ ಪಾಲಿಗೆ ಯಹೂದಿತನ ಅಂದರೆ ಜೊತೆಯಲ್ಲಿ ದೋಣಿ ನಡೆಸಿದ, ಹತ್ತೊಂಬತ್ತು ವರ್ಷದ ಆ ಅಣ್ಣ. ಆ ಅಕ್ಕ.

ಇದು ಮೊದಲಿನಿಂದ ಹೀಗಿರಲಿಲ್ಲ. ನ್ಯೂಯಾರ್ಕಿನ ಕೋಲ್ಡ್ ಸ್ಪ್ರಿಂಗ್‌ನಲ್ಲಿ 1902ರಲ್ಲಿ ಸರ್‌ಪ್ರೈಸ್ ಲೇಕ್ ಕ್ಯಾಂಪ್ ಶುರುವಾಯಿತು. ಆಗ ಉದ್ದೇಶ ಬಹಳ ಸರಳ. ಪೂರ್ವ ಯೂರೋಪಿನಿಂದ ಬಂದ ಬಡ ಯಹೂದಿಗಳು ಮ್ಯಾನ್‌ಹ್ಯಾಟನ್‌ನ ಲೋಯರ್ ಈಸ್ಟ್ ಸೈಡಿನ ಇಕ್ಕಟ್ಟಾದ ವಠಾರಗಳಲ್ಲಿ ಬದುಕುತ್ತಿದ್ದರು. ಅವರ ಗಂಡುಮಕ್ಕಳಿಗೆ ಕೆಲವು ದಿನವಾದರೂ ಒಳ್ಳೆಯ ಗಾಳಿ, ಹೊಟ್ಟೆ ತುಂಬ ಊಟ ಸಿಗಲಿ ಅಂತ. ನಡೆಸುವವರು ದಾನಿಗಳು, ಸಮಾಜಸೇವಕರು. ಮಕ್ಕಳು ಪಡೆಯುವವರು, ಅಷ್ಟೇ.

ಶಿಬಿರವನ್ನೇ ಶಾಲೆ ಮಾಡಬಹುದು ಅಂತ ಕಂಡುಕೊಂಡವರು ಸ್ಯಾಮ್ಸನ್ ಬೆಂಡರ್ಲಿ ಎಂಬವರ ಶಿಷ್ಯರು. ಬೆಂಡರ್ಲಿ ಹುಟ್ಟಿದ್ದು ಪ್ಯಾಲೆಸ್ತೀನಿನ ಸಫೆದ್‌ನಲ್ಲಿ. ವೈದ್ಯರಾಗಿದ್ದವರು ಆ ವೃತ್ತಿ ಬಿಟ್ಟು ಮಕ್ಕಳ ಶಿಕ್ಷಣಕ್ಕೆ ಬಂದರು. 1910ರಲ್ಲಿ ನ್ಯೂಯಾರ್ಕಿನ ಯಹೂದಿ ಶಿಕ್ಷಣ ಮಂಡಳಿಯ ಮುಖ್ಯಸ್ಥರಾದರು. ಅವರ ಕೈಕೆಳಗೆ ತಯಾರಾದವರಲ್ಲಿ ಆಲ್ಬರ್ಟ್ ಸ್ಕೂಲ್‌ಮನ್ ಒಬ್ಬರು. ಅವರು 1919ರಲ್ಲಿ ಶುರುಮಾಡಿದ ಶಿಬಿರ ಮುಂದೆ ಸೆಜ್ವಿನ್ ಅಂತ ಹೆಸರಾಯಿತು. ಸಂಜೆ ಪಾಠಶಾಲೆಗೆ ಸುಸ್ತಾಗಿ ಬಂದು ಕೂರುವ ಮಗುವಿಗೆ ಹಬ್ಬದ ಬಗ್ಗೆ ಹೇಳುವುದು ಬೇರೆ, ಇಡೀ ದಿನ ಆ ಹಬ್ಬದೊಳಗೇ ಇರಿಸುವುದು ಬೇರೆ. ಇದು ಅವರಿಗೆ ಅರ್ಥವಾಗಿತ್ತು. 1922ರಲ್ಲಿ ಮೂರು ದಂಪತಿಗಳು ಸೇರಿ ಮೇನ್ ರಾಜ್ಯದಲ್ಲಿ ಕ್ಯಾಂಪ್ ಮೊಡಿನ್ ಕಟ್ಟಿದರು. ಬರ್ಕ್‌ಸನ್, ದುಷ್ಕಿನ್, ಸ್ಕೂಲ್‌ಮನ್ ದಂಪತಿಗಳು. ಹೆಂಡತಿಯರು ಹೆಸರಿಗೆ ಮಾತ್ರ ಜೊತೆಗಿದ್ದವರಲ್ಲ. ಲಿಬ್ಬಿ ಬರ್ಕ್‌ಸನ್ ವರ್ಷಗಟ್ಟಲೆ ಅದನ್ನು ನಡೆಸಿದರು. ಈ ಕ್ಷೇತ್ರದಲ್ಲಿ ಹೆಂಗಸರ ಕೈ ಮೊದಲಿನಿಂದಲೂ ದೊಡ್ಡದು. ಅವರ ಹೆಸರು ಮಾತ್ರ ಸಾಕಷ್ಟು ಕೇಳಿಬರುವುದಿಲ್ಲ.

ಈಗ ಶ್ಲೋಮೋ ಷುಲ್ಸಿಂಗರ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಭಾಷೆ ಕಲಿಸುವ ನಮಗೆಲ್ಲ ಅವರು ಹತ್ತಿರದವರು ಅನ್ನಿಸುತ್ತಾರೆ. 1941ರಲ್ಲಿ ಅವರು 'ಮಸ್ಸಾದ್' ಶಿಬಿರ ಶುರುಮಾಡಿದರು. ಅವರ ಹೆಂಡತಿ ರಿವ್ಕಾ ಜೊತೆಗೇ ಇದ್ದು ದುಡಿದರು. ಅಲ್ಲಿ ಎಲ್ಲವೂ ಹೀಬ್ರೂವಿನಲ್ಲಿ. ಪಾಠ, ಪ್ರಾರ್ಥನೆ ಬಿಡಿ, ಬೇಸ್‌ಬಾಲ್ ಕೂಡ ಹೀಬ್ರೂವಿನಲ್ಲಿ. ಆಟದ ಮಾತುಗಳಿಗೆ ಪದಗಳಿಲ್ಲದಿದ್ದರೆ ಹೊಸದಾಗಿ ಕಟ್ಟಿ, ಮಕ್ಕಳಿಗೆ ಅಂತಲೇ ಒಂದು ನಿಘಂಟು ಅಚ್ಚು ಹಾಕಿಸಿದರು. ನ್ಯೂಯಾರ್ಕಿನಲ್ಲಿ ಹುಟ್ಟಿ ಬೆಳೆದ, ಇಂಗ್ಲಿಷೇ ಮಾತಾಡುವ ಮಕ್ಕಳು ಅಲ್ಲಿ ಹೀಬ್ರೂವಿನಲ್ಲಿ ಕೂಗಾಡಿ ಚೆಂಡು ಹಿಡಿದರು. ಅದೇ ಹೊತ್ತಿಗೆ ಯೂರೋಪಿನಲ್ಲಿ ಯಹೂದಿ ಊರುಗಳು ಒಂದೊಂದಾಗಿ ಅಳಿಯುತ್ತಿದ್ದವು. ಇನ್ನು ಈ ಭಾಷೆ, ಈ ಬಾಳು ಉಳಿಯಬೇಕಾದರೆ ಉಳಿಸುವವರು ನಾವೇ ಅನ್ನುವ ಹಟ ಷುಲ್ಸಿಂಗರ್ ಅವರಲ್ಲಿತ್ತು. ಆ ಹಟವನ್ನು ನಾನು ಮನಸಾರೆ ಗೌರವಿಸುತ್ತೇನೆ.

ಅವರು 1977ರವರೆಗೆ ನಿರ್ದೇಶಕರಾಗಿದ್ದರು. 1981ರಲ್ಲಿ ಮಸ್ಸಾದ್ ಮುಚ್ಚಿಹೋಯಿತು. ಹಣದ ತೊಂದರೆ ಇತ್ತು, ಕಾಲ ಬದಲಾಗಿತ್ತು, ಮಕ್ಕಳಿಂದ ಅಷ್ಟು ಹೀಬ್ರೂ ಬಯಸುವ ಮನೆಗಳು ಕಡಿಮೆಯಾಗಿದ್ದವು. ಕಾರಣ ಒಂದೇ ಅಲ್ಲ. ಆದರೂ ಮೂವತ್ತಾರು ವರ್ಷ ಒಬ್ಬರ ಮೇಲೆ ನಿಂತ ಶಿಬಿರ ಅವರು ಹೋದ ನಾಲ್ಕೇ ವರ್ಷಕ್ಕೆ ನಿಂತಿತು ಅನ್ನುವುದು ನನ್ನನ್ನು ಕಾಡುತ್ತದೆ. ನಮ್ಮ ಕನ್ನಡ ಶಾಲೆಗಳಲ್ಲೂ ಹೀಗೆ ಒಬ್ಬರೋ ಇಬ್ಬರೋ ಹೊತ್ತು ನಿಂತವರಿದ್ದಾರೆ, ಅಲ್ವಾ? ಅವರಿಗೆ ಕೆಲಸ ಬದಲಾಗಿ ಬೇರೆ ಊರಿಗೆ ಹೋದರೆ ಮುಂದೇನು?

ಇದಕ್ಕೆ ರಾಮಾ ಶಿಬಿರಗಳು ಕೊಟ್ಟ ಉತ್ತರ ಬೇರೆ. ಮೊದಲ ರಾಮಾ ಶುರುವಾದದ್ದು 1947ರಲ್ಲಿ, ವಿಸ್ಕಾನ್ಸಿನ್‌ನ ಕಾನೋವರ್‌ನಲ್ಲಿ. ಯಹೂದಿಗಳಲ್ಲಿ ಕನ್ಸರ್ವೇಟಿವ್ ಅನ್ನುವ ಪಂಥದವರದು. ಇದರ ಹಿಂದೆ ನ್ಯೂಯಾರ್ಕಿನ ಅವರ ಗುರುಕುಲ, ಜೂಯಿಶ್ ಥಿಯಲಾಜಿಕಲ್ ಸೆಮಿನರಿ ಇತ್ತು. ಆ ಸೆಮಿನರಿಯಲ್ಲಿದ್ದ ಸಿಲ್ವಿಯಾ ಎಟೆನ್‌ಬರ್ಗ್ ಇದನ್ನು ಕಟ್ಟಿ ನಿಲ್ಲಿಸಿದವರಲ್ಲಿ ಮುಖ್ಯರು. ಇವರು ಒಬ್ಬ ದೊಡ್ಡ ನಾಯಕನನ್ನು ನಂಬಿ ಕೂರಲಿಲ್ಲ. ಹೈಸ್ಕೂಲು ಮುಗಿಸಿದವರಿಗೆ 'ಮದೋರ್' ಅಂತ ಒಂದು ಇಡೀ ಬೇಸಿಗೆಯ ತರಬೇತಿ ಇಟ್ಟರು. ಅರ್ಧ ಓದು, ಅರ್ಧ ಮಕ್ಕಳ ಜೊತೆ ಕೆಲಸ. ಷಿಕಾಗೋ ವಿಶ್ವವಿದ್ಯಾಲಯದ ಜೋಸೆಫ್ ಶ್ವಾಬ್ ಅಂಥ ಶಿಕ್ಷಣ ಚಿಂತಕರು ರಾಮಾಕ್ಕೆ ಸಲಹೆಗಾರರಾದರು. ಅಷ್ಟು ದೊಡ್ಡ ವಿದ್ವಾಂಸರು ಹದಿನೆಂಟು ವರ್ಷದವರ ತರಬೇತಿಗೆ ತಲೆ ಕೊಟ್ಟರು ಅನ್ನುವುದನ್ನು ಗಮನಿಸಿ. ರಾಮಾ ಇವತ್ತು ಅಮೆರಿಕ, ಕೆನಡಾಗಳ ಹಲವು ಕಡೆ ನಡೆಯುತ್ತಿದೆ. ಅಲ್ಲಿ ಬೆಳೆದವರು ರಬ್ಬಿಗಳು, ಅಂದರೆ ಯಹೂದಿ ಧರ್ಮಗುರುಗಳಾದರು, ಪ್ರಾಧ್ಯಾಪಕರಾದರು, ಬೇರೆ ಶಿಬಿರಗಳ ನಿರ್ದೇಶಕರಾದರು.

ಇದೇ ರಾಮಾದಲ್ಲಿ ನಡೆದ ಒಂದು ಘಟನೆಯನ್ನು ನಾನು ಎಲ್ಲಿ ಮಾತಾಡಿದರೂ ಹೇಳದೆ ಬಿಡುವುದಿಲ್ಲ. ಹರ್ಬ್ ಮತ್ತು ಬಾರ್ಬರಾ ಗ್ರೀನ್‌ಬರ್ಗ್ ಅಂತ ಗಂಡ ಹೆಂಡತಿ. ಇಬ್ಬರೂ ವಿಶೇಷ ಮಕ್ಕಳಿಗೆ ಪಾಠ ಹೇಳುತ್ತಿದ್ದ ಶಿಕ್ಷಕರು. ಬುದ್ಧಿ ಬೆಳವಣಿಗೆಯಲ್ಲಿ ತೊಂದರೆಯಿರುವ ಮಕ್ಕಳೂ ಶಿಬಿರಕ್ಕೆ ಬರಲಿ, ಎಲ್ಲ ಮಕ್ಕಳ ನಡುವೆಯೇ ಇರಲಿ ಅಂತ ಅವರು ಕೇಳಿದರು. ಆಗಿನ ರಾಮಾ ನಿರ್ದೇಶಕರಿಗೆ ಭಯ. ಉಳಿದ ಮಕ್ಕಳು ಹೆದರುತ್ತಾರೆ, ಅಪ್ಪ ಅಮ್ಮಂದಿರು ಮಕ್ಕಳನ್ನು ವಾಪಸ್ ಕರೆದುಕೊಂಡು ಹೋಗುತ್ತಾರೆ, ಖರ್ಚು ಜಾಸ್ತಿಯಾಗುತ್ತದೆ, ಕೌನ್ಸೆಲರ್‌ಗಳ ಕೈಲಿ ಆಗುವುದಿಲ್ಲ. ಎಲ್ಲ ಕಡೆಯೂ ಇದೇ ಮಾತು. ಹೂಂ ಅಂದವರು ನ್ಯೂಯಾರ್ಕ್ ರಾಜ್ಯದ ಗ್ಲೆನ್ ಸ್ಪೇ ಶಿಬಿರದ ನಿರ್ದೇಶಕ ಡೊನಾಲ್ಡ್ ಆಡೆಲ್‌ಮನ್. 1970ರ ಬೇಸಿಗೆಯಲ್ಲಿ 8 ಮಕ್ಕಳೊಂದಿಗೆ, ಇಂಥ ಮಕ್ಕಳಿಗೆಂದೇ 'ತಿಕ್ವಾ' ಅನ್ನುವ ಕಾರ್ಯಕ್ರಮ ಶುರುವಾಯಿತು. ಮುಂದೆ ಅದು ಮ್ಯಾಸಚೂಸೆಟ್ಸ್‌ನ ಪಾಮರ್‌ಗೆ ಬಂತು. ಗ್ರೀನ್‌ಬರ್ಗ್ ದಂಪತಿ ಸುಮಾರು ಮೂರು ದಶಕ ಅದನ್ನು ನಡೆಸಿದರು. ಇವತ್ತು ರಾಮಾದ ಎಲ್ಲ ವಸತಿ ಶಿಬಿರಗಳಲ್ಲೂ ಇಂಥ ಮಕ್ಕಳಿಗೆ ಜಾಗವಿದೆ. ದೊಡ್ಡವರಾದ ಮೇಲೆ ಅದೇ ಶಿಬಿರದಲ್ಲಿ ಕೆಲಸ ಕಲಿಯುವ ವ್ಯವಸ್ಥೆಯೂ ಇದೆ.

ಆಡೆಲ್‌ಮನ್ ಅವರ ಒಂದು ಒಪ್ಪಿಗೆ ಎಷ್ಟು ಮನೆಗಳಿಗೆ ಮುಟ್ಟಿತು ನೋಡಿ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಆ ಮಕ್ಕಳಿಗೆ ಹಲ್ಲುಜ್ಜಿಸಿ, ಈಜುವಾಗ ಕೈಹಿಡಿದು, ಹಾಡು ಕಲಿಸಿದವರು ಯಾರು? ಅದೇ ಹದಿಹರೆಯದ ಕೌನ್ಸೆಲರ್‌ಗಳು. ಅವರ ಕೈಲಿ ಆಗುವುದಿಲ್ಲ ಅಂತ ಹಿರಿಯರು ಅಂದಿದ್ದರು. ಆಯಿತು.

ಹಾಡಿನ ವಿಷಯಕ್ಕೂ ಒಂದು ಮಾತು. ಶಿಬಿರದಲ್ಲಿ ಗಿಟಾರ್ ಹಿಡಿದು ಹಾಡಿಸುವವರಿಗೆ ಬೇರೆಯೇ ಸ್ಥಾನ. ಡೆಬ್ಬಿ ಫ್ರೀಡ್‌ಮನ್ ಹುಟ್ಟಿದ್ದು 1951ರಲ್ಲಿ. ಯಹೂದಿಗಳ ಇನ್ನೊಂದು ಪಂಥವಾದ ರಿಫಾರ್ಮ್‌ನ ಶಿಬಿರಗಳಲ್ಲಿ ಹಾಡಿಸುತ್ತಾ, ಹಾಡಿಸುವುದನ್ನು ಕಲಿಸುತ್ತಾ ಬೆಳೆದರು. ಸ್ವರಲಿಪಿ ಓದಲು ಬರುತ್ತಿರಲಿಲ್ಲ. ಹಳೆಯ ಪ್ರಾರ್ಥನೆಗಳಿಗೆ ಹೊಸ ಮಟ್ಟು ಹಾಕಿದರು. ಮಕ್ಕಳು ಆ ಮಟ್ಟುಗಳನ್ನು ಮನೆಗೆ ಒಯ್ದರು, ಯಹೂದಿಗಳ ಪ್ರಾರ್ಥನಾ ಮಂದಿರಗಳಾದ ಸಿನಗಾಗ್‌ಗಳಲ್ಲಿ ಹಾಡಿದರು. ಆರ್ಗನ್ ಕೇಳಿ ಸುಮ್ನೆ ಕೂರುತ್ತಿದ್ದ ಸಭೆಗಳೇ ದನಿಗೂಡಿಸಿ ಹಾಡತೊಡಗಿದವು. 2011ರಲ್ಲಿ ಅವರು ತೀರಿಕೊಂಡ ಮೇಲೆ, ಪ್ರಾರ್ಥನಾ ಗಾಯಕರನ್ನು ತಯಾರು ಮಾಡುವ ರಿಫಾರ್ಮ್ ಪಂಥದ ಶಾಲೆಗೆ ಅವರದೇ ಹೆಸರಿಟ್ಟರು.

ಇಷ್ಟೊಂದು ನಂಬಿಕೆ ಇಡುವ ಜಾಗದಲ್ಲಿ ಅಪಾಯವೂ ಇರುತ್ತದೆ. ಅದನ್ನು ಮುಚ್ಚಿಟ್ಟು ಮಾತಾಡುವುದು ತಪ್ಪು. ರಿಫಾರ್ಮ್ ಪಂಥದ ಕೇಂದ್ರ ಸಂಸ್ಥೆ ಹೊರಗಿನ ವಕೀಲರಿಂದ ತನಿಖೆ ಮಾಡಿಸಿ, 2022ರ ಫೆಬ್ರವರಿಯಲ್ಲಿ ವರದಿ ಹೊರಗೆ ಹಾಕಿತು. ತಮ್ಮ ಶಿಬಿರ ಮತ್ತು ಯುವಜನ ಕೂಟಗಳಲ್ಲಿ ಹಿಂದೆ ನಡೆದಿದ್ದ ಲೈಂಗಿಕ ದೌರ್ಜನ್ಯದ ದೂರುಗಳೂ ಅದರಲ್ಲಿ ಇದ್ದವು. ಮಕ್ಕಳು ಮನಸ್ಸು ಕೊಟ್ಟು ನಂಬುವ ಜಾಗದಲ್ಲಿ ಆ ನಂಬಿಕೆಯನ್ನು ಕಾಯುವುದು ನಿರ್ದೇಶಕರ ಮೊದಲ ಕೆಲಸ. ಪ್ರೀತಿ ಒಂದೇ ಸಾಲದು. ಹಿನ್ನೆಲೆ ವಿಚಾರಿಸಬೇಕು, ದೂರು ಹೇಳಲು ದಾರಿ ಇರಬೇಕು, ಹೇಳಿದ ಮಗುವನ್ನು ನಂಬಬೇಕು.

ಅಮೆರಿಕದ ಆಚೆಗೂ ಒಂದು ಉದಾಹರಣೆ ಕೊಡುತ್ತೇನೆ. ಹಂಗೇರಿಯ ಸರ್ವಾಷ್‌ನಲ್ಲಿ 1990ರಲ್ಲಿ ಒಂದು ಶಿಬಿರ ಶುರುವಾಯಿತು. ಕಮ್ಯುನಿಸ್ಟ್ ಆಡಳಿತ ಆಗಷ್ಟೇ ಬಿದ್ದಿತ್ತು. ನಾವು ಯಹೂದಿಗಳು ಅನ್ನುವುದನ್ನೇ ಮಕ್ಕಳಿಂದ ಮುಚ್ಚಿಟ್ಟ ಮನೆಗಳು ಆ ಭಾಗದಲ್ಲಿ ಬಹಳ. ಶಬ್ಬಾತ್ ದೀಪ ಹಚ್ಚುವುದನ್ನು ತೋರಿಸಿಕೊಡುವ ಅಜ್ಜಿ ಎಷ್ಟೋ ಮನೆಗಳಲ್ಲಿ ಇರಲಿಲ್ಲ. ಕಲಿಸುವ ಕೌನ್ಸೆಲರ್‌ಗಳೂ ಅಂಥ ಮನೆಗಳಿಂದಲೇ ಬಂದವರು. ಮಕ್ಕಳಿಗಿಂತ ಸ್ವಲ್ಪ ಮೊದಲು ಕಲಿತವರು, ಅಷ್ಟೇ. ಮಕ್ಕಳು ಮನೆಗೆ ಹೋಗಿ ಅಪ್ಪ ಅಮ್ಮಂದಿರಿಗೆ ಕಲಿಸಿದರು.

ಈಗ ಇದೆಲ್ಲ ಎಷ್ಟು ಸೂಕ್ಷ್ಮ ಅನ್ನುವುದು 2020ರಲ್ಲಿ ತಿಳಿಯಿತು. ಕೋವಿಡ್‌ನಿಂದಾಗಿ ಆ ಬೇಸಿಗೆಯಲ್ಲಿ ಬಹುಪಾಲು ವಸತಿ ಶಿಬಿರಗಳು ತೆರೆಯಲಿಲ್ಲ. ಹಣ ಹೋಯಿತು, ಅದನ್ನು ದಾನಿಗಳು ಎಷ್ಟೋ ತುಂಬಿಕೊಟ್ಟರು. ತುಂಬಲಾಗದ್ದು ಬೇರೆ ಇತ್ತು. ಆ ವರ್ಷ ತರಬೇತಿ ಪಡೆಯಬೇಕಿದ್ದ ಹದಿನಾರು, ಹದಿನೇಳರ ಮಕ್ಕಳಿಗೆ ಅದು ಸಿಗಲೇ ಇಲ್ಲ. ಮತ್ತೆ ತೆರೆದಾಗ ಕೌನ್ಸೆಲರ್‌ಗಳ ಕೊರತೆ ಅನೇಕ ಕಡೆ ಕಾಡಿತು. ಬೇಸಿಗೆಯಲ್ಲಿ ಒಂದು ಇಂಟರ್ನ್‌ಶಿಪ್ ಮಾಡಿದರೆ ಮುಂದೆ ನೌಕರಿಗೆ ಅನುಕೂಲ. ಕೌನ್ಸೆಲರ್ ಸಂಬಳ ಅದಕ್ಕೆ ಹೋಲಿಸಿದರೆ ತೀರಾ ಕಡಿಮೆ. ಹಾಗಾಗಿ 1998ರಲ್ಲಿ ಹುಟ್ಟಿದ ಫೌಂಡೇಶನ್ ಫಾರ್ ಜೂಯಿಶ್ ಕ್ಯಾಂಪ್ ಅನ್ನುವ ಸಂಸ್ಥೆ 'ಕಾರ್ನರ್‌ಸ್ಟೋನ್' ಹೆಸರಿನಲ್ಲಿ, ಮೂರನೇ ಬೇಸಿಗೆಗೂ ವಾಪಸ್ ಬರುವ ಕೌನ್ಸೆಲರ್‌ಗಳನ್ನು ಆರಿಸಿ ವಿಶೇಷ ತರಬೇತಿ ಕೊಡುತ್ತದೆ. ಮೊದಲ ವರ್ಷ ಬರುವವರು ಸಿಗುತ್ತಾರೆ. ಮೂರನೇ ವರ್ಷಕ್ಕೂ ಬರುವವರು ಸಿಗುವುದು ಕಷ್ಟ. ಮುಂದಿನ ನಿರ್ದೇಶಕರು ಇವರಲ್ಲೇ ಇರುತ್ತಾರೆ ಅನ್ನುವುದು ಅವರ ಲೆಕ್ಕ.

ನಿಮ್ಮ ಶಾಲೆಗಳಲ್ಲಿ ಕಲಿತು ಈಗ ಹೈಸ್ಕೂಲಿನಲ್ಲಿರುವ ಮಕ್ಕಳಿಗೆ ನೀವು ಯಾವ ಕೆಲಸ ಕೊಟ್ಟಿದ್ದೀರಿ ಅಂತ ನಿಮ್ಮಿಂದ ಕೇಳುವ ಆಸೆ ನನಗಿದೆ. ಪ್ರಶ್ನೆಗಳ ಹೊತ್ತಿನಲ್ಲಿ ಅದನ್ನೂ ಹೇಳಿ. ನಮಸ್ಕಾರ.