ಬಾಯಿ ಬಾರದವರ ಪಾಳಿ

ಕೇಳುಗರಿಗೆ ನಮಸ್ಕಾರ.

2018ರ ಒಂದು ಸೋಮವಾರ ನಾನು ಕಲಬುರಗಿಯ ಒಂದು ದವಾಖಾನೆಯಲ್ಲಿ ಚೀಟಿ ಮಾಡಿಸುವ ಕಿಟಕಿಯ ಮುಂದೆ ಪಾಳಿಯಲ್ಲಿ ನಿಂತಿದ್ದೆ. ಆಗ ನನಗೆ 20 ವರ್ಷ. ಸೇಡಂ ತಾಲೂಕಿನ ಹಳ್ಳಿಯಿಂದ ಬಂದು, ಹಾಸ್ಟೆಲಿನಲ್ಲಿದ್ದುಕೊಂಡು ಬಿ.ಕಾಂ. ಓದುತ್ತಿದ್ದೆ. ಕಿಟಕಿ ಸಮೀಪಿಸುವಷ್ಟರಲ್ಲಿ, ಹೇಳಬೇಕಾಗಿದ್ದ ಒಂದೇ ಒಂದು ವಾಕ್ಯವನ್ನು ಮನಸ್ಸಿನಲ್ಲೇ ಎಷ್ಟು ಸಲ ಉರು ಹೊಡೆದಿದ್ದೆನೋ ಲೆಕ್ಕವಿಲ್ಲ. ಒಳಗಿದ್ದವರು ತಲೆ ಎತ್ತದೆ, "ಏನ್ ತ್ರಾಸದ?" ಎಂದು ಕೇಳಿದರು. ನನ್ನ ಬೆನ್ನ ಹಿಂದೆ ಹತ್ತು ಹನ್ನೆರಡು ಮಂದಿ ನಿಂತಿದ್ದರು. ಅವರೆಲ್ಲರ ಕಿವಿಗಳು ನನ್ನ ಕತ್ತಿಗೇ ಅಂಟಿಕೊಂಡಂತೆ ಅನ್ನಿಸಿತು. "ಹೊಟ್ಟಿ ನೋವು" ಎಂದೆ. ಡಾಕ್ಟರು ಗ್ಯಾಸಿನ ಮಾತ್ರೆ ಬರೆದುಕೊಟ್ಟರು. ಅದನ್ನು ಹಿಡಿದುಕೊಂಡು ಹಾಸ್ಟೆಲಿಗೆ ಮರಳಿದೆ.

ನಾನು ಹೇಳಬೇಕೆಂದು ಹೋದದ್ದು ಬೇರೆಯೇ ಇತ್ತು. ತರಗತಿಯಲ್ಲಿ ಹಾಜರಿ ಕೂಗುವಾಗ ನನ್ನ ಹೆಸರು ಇನ್ನೂ ಆರು ಹೆಸರುಗಳ ಆಚೆ ಇರುವಾಗಲೇ ಎದೆ ಢವಢವ ಎನ್ನುತ್ತಿತ್ತು, ಅಂಗೈ ಬೆವರುತ್ತಿತ್ತು. "ಎಸ್ ಸರ್" ಎಂದು ನಾನು ಅಂದದ್ದು ಅವರಿಗೆ ಕೇಳಿಸದೆ ಅದೆಷ್ಟೋ ದಿನ ಗೈರುಹಾಜರಿ ಬಿದ್ದಿದೆ. ಮೆಸ್ಸಿನಲ್ಲಿ ನಾಲ್ಕು ಜನರ ಎದುರು ರೊಟ್ಟಿ ಮುರಿಯಲು ಕೈ ನಡುಗುತ್ತಿತ್ತು, ಹಾಗಾಗಿ ಎಲ್ಲರೂ ಉಂಡೆದ್ದ ಮೇಲೆ ಹೋಗುತ್ತಿದ್ದೆ. ಬಸ್ಸಿನಲ್ಲಿ ನನ್ನ ಸ್ಟಾಪು ಬಂದಾಗ "ನಿಲ್ಲಸ್ರೀ" ಎಂದು ಕೂಗಲಾಗದೆ, ಬೇರೆ ಯಾರಾದರೂ ಇಳಿಯುವ ತನಕ ಸುಮ್ಮನೆ ಕೂತು, ಮುಂದಿನ ಸ್ಟಾಪಿನಿಂದ ಹಿಂದಕ್ಕೆ ನಡೆದು ಬಂದದ್ದು ಒಂದೆರಡು ಸಲವಲ್ಲ.

ವೈದ್ಯರು ಇದನ್ನು ಸೋಷಿಯಲ್ ಆಂಗ್ಸೈಟಿ ಡಿಸಾರ್ಡರ್ ಎನ್ನುತ್ತಾರೆ. ಕನ್ನಡದಲ್ಲಿ ಸಾಮಾಜಿಕ ಆತಂಕ ಎನ್ನಬಹುದು. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಇದಕ್ಕೆ ಪ್ರತ್ಯೇಕ ಕಾಯಿಲೆಯ ಸ್ಥಾನ ಸಿಕ್ಕದ್ದು 1980ರಲ್ಲಿ. ಸಾಮಾನ್ಯವಾಗಿ ಹದಿಹರೆಯದಲ್ಲೇ ಶುರುವಾಗುವ ಈ ಕಾಯಿಲೆಗೂ ನಾಚಿಕೆಗೂ ವ್ಯತ್ಯಾಸವಿದೆ. ನಾಚಿಕೆಯುಳ್ಳವರು ತುಸು ಹೊತ್ತು ಹಿಂಜರಿದು ಆಮೇಲೆ ಬೆರೆಯುತ್ತಾರೆ. ಈ ಆತಂಕವಿದ್ದವರು ಮಂದಿ ತಮ್ಮನ್ನು ಅಳೆಯುತ್ತಿದ್ದಾರೆ, ಈಗ ಅವಮಾನವಾಗುತ್ತದೆ ಎಂಬ ಭಯದಲ್ಲಿ ಓದು, ಉದ್ಯೋಗ, ಸ್ನೇಹ ಎಲ್ಲದರಿಂದಲೂ ಒಂದೊಂದಾಗಿ ಹಿಂದೆ ಸರಿಯುತ್ತಾರೆ.

ನಮ್ಮ ಕಡೆ ಹೆಣ್ಣುಮಕ್ಕಳಲ್ಲಿ ಇದನ್ನು ಗುರುತಿಸುವುದು ಇನ್ನೂ ಕಷ್ಟ. ಏಕೆಂದರೆ ನಮ್ಮ ಮನೆಗಳಲ್ಲಿ ಇದಕ್ಕೆ ಹೊಗಳಿಕೆ ಸಿಗುತ್ತದೆ. ಮನೆಗೆ ಬಂದವರ ಮುಂದೆ ನಮ್ಮವ್ವ, "ನಮ್ ಹುಡುಗಿ ಭಾಳ ಗರೀಬ ಅದಾಳ್ರಿ, ತಲಿ ಎತ್ತಿ ಮಾತಾಡಂಗಿಲ್ಲ" ಎಂದು ಅಭಿಮಾನದಿಂದ ಹೇಳುತ್ತಿದ್ದರು. ನಾನು ಒಳಗಿನ ಕೋಣೆಯಲ್ಲಿ ಕೂತು, ಚಹಾದ ತಾಟು ಹಿಡಿದು ಹೊರಗೆ ಹೋಗುವುದು ಹೇಗೆಂದು ನಡುಗುತ್ತಿದ್ದೆ. ಬಹಳ ವರ್ಷಗಳ ಮೇಲೆ ವಿಷಯ ತಿಳಿದಾಗ ಅವ್ವ, "ಇದು ಜಡ್ಡು ಅಂತ ನನಗ್ ಹ್ಯಾಂಗ್ ತಿಳಿಬೇಕವ್ವಾ, ನೀ ಸಣ್ಣಾಕಿ ಇದ್ದಾಗಿಂದ ಹಿಂಗೇ ಇದ್ದಿ" ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ.

ನಾನು ಇಂದು ಹೇಳಬೇಕೆಂದಿರುವ ಮುಖ್ಯ ಮಾತು ಇದು: ಈ ಕಾಯಿಲೆ ಯಾವ ಶಕ್ತಿಯನ್ನು ಕಿತ್ತುಕೊಳ್ಳುತ್ತದೆಯೋ, ಚಿಕಿತ್ಸೆಯ ಬಾಗಿಲು ಮೊದಲು ಕೇಳುವುದು ಅದೇ ಶಕ್ತಿಯನ್ನು. ಅಪರಿಚಿತರಿಗೆ ಫೋನು ಮಾಡಬೇಕು, ಪಾಳಿಯಲ್ಲಿ ನಿಲ್ಲಬೇಕು, ಎಲ್ಲರಿಗೂ ಕೇಳುವಂತೆ ಕಾಯಿಲೆಯ ಹೆಸರು ಹೇಳಬೇಕು, ಹೆಸರು ಕೂಗಿದಾಗ ಎದ್ದು ಹೋಗಬೇಕು. ಕಾಲು ಮುರಿದವರ ದವಾಖಾನೆಯನ್ನು ಮೂರನೆಯ ಮಹಡಿಯಲ್ಲಿಟ್ಟು ಮೆಟ್ಟಿಲು ಹತ್ತಿ ಬನ್ನಿ ಎಂದರೆ ನಾವು ಒಪ್ಪುತ್ತೇವೆಯೇ? ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನಿಮ್ಹಾನ್ಸ್ ಸಂಸ್ಥೆಯು 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದಾಗ, ಬೇರೆ ಬೇರೆ ಮಾನಸಿಕ ಕಾಯಿಲೆಗಳಿದ್ದವರಲ್ಲಿ ಶೇಕಡಾ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಆ ಅಂಕಿಯಲ್ಲಿ ಕಿಟಕಿಯ ತನಕ ಹೋಗಿ "ಹೊಟ್ಟಿ ನೋವು" ಎಂದು ಮರಳಿದವರೂ ಇರುತ್ತಾರೆಂದು ನಾನು ನಂಬುತ್ತೇನೆ.

ಎರಡನೆಯ ಸಲ ಹೇಗೋ ಧೈರ್ಯ ಮಾಡಿ ಮನೋರೋಗ ವಿಭಾಗದ ಚೀಟಿಯನ್ನೇ ಮಾಡಿಸಿದೆ. ಬೆಂಚಿನ ಮೇಲೆ ಕೂತಿದ್ದಾಗ ನಮ್ಮೂರಿನ ಒಬ್ಬ ಕಾಕಾ ಆ ಕಡೆಯಿಂದ ಹಾಯ್ದು ಹೋಗುವವರು ನಿಂತು, "ಯಾರಿಗ್ ಆರಾಮಿಲ್ಲವ್ವಾ?" ಎಂದು ಕಕ್ಕುಲಾತಿಯಿಂದಲೇ ಕೇಳಿದರು. ಗೆಳತಿಗೆ ಎಂದು ಸುಳ್ಳು ಹೇಳಿದೆ. ಅದೇ ಗಳಿಗೆಗೆ ಸಿಬ್ಬಂದಿಯೊಬ್ಬರು ಬಾಗಿಲಲ್ಲಿ ನಿಂತು ನನ್ನ ಹೆಸರನ್ನು ಅಪ್ಪನ ಹೆಸರು ಸಮೇತ ಕೂಗಿದರು. ನಾನು ಏಳಲಿಲ್ಲ. ಮತ್ತೊಮ್ಮೆ ಕೂಗಿ ಮುಂದಿನವರನ್ನು ಕರೆದರು. ಮನೋರೋಗದ ಚೀಟಿ ಮಾಡಿಸಿದ ಹುಡುಗಿಗೆ ಸಂಬಂಧ ಕುದುರುವುದಿಲ್ಲ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಇನ್ನೂ ಜೀವಂತವಾಗಿದೆ; ಆ ದಿನ ನನ್ನ ಕಾಲನ್ನು ಕಟ್ಟಿಹಾಕಿದ್ದು ಕಾಯಿಲೆಯೊಂದೇ ಅಲ್ಲ.

ಆಮೇಲಿನ ನಾಲ್ಕು ವರ್ಷಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಆಪ್ತಸಲಹೆಗಾರರೆಂದು ಬೋರ್ಡು ಹಾಕಿಕೊಂಡಿದ್ದ ಒಬ್ಬರು ಧೈರ್ಯ ತಂದುಕೊಳ್ಳಿ ಎಂದು ಹೇಳಿ ಕಳಿಸಿದರು. ಧೈರ್ಯ ತಂದುಕೊಳ್ಳಲು ಬರುವಂತಿದ್ದರೆ ನಾನು ಅಲ್ಲಿಗೆ ಹೋಗುತ್ತಲೇ ಇರಲಿಲ್ಲ. ಸಂಬಂಧಿಕರ ಮನೆಯಲ್ಲಿದ್ದುಕೊಂಡು ಹೈದರಾಬಾದಿನಲ್ಲಿ ತೋರಿಸಿದಾಗ ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯಿತು. ಇದು ಮಾತಿನಿಂದಲೇ ನಡೆಯುವ ಚಿಕಿತ್ಸೆ ಎಂಬುದನ್ನು ದಯವಿಟ್ಟು ಗಮನಿಸಿ. ಜ್ವರವನ್ನು ಥರ್ಮಾಮೀಟರು ಅಳೆಯುತ್ತದೆ, ಅದಕ್ಕೆ ಭಾಷೆ ಬೇಕಾಗಿಲ್ಲ. "ಮಂದ್ಯಾಗ ಹೋದ್ರ ಜೀವ ಬಾಯಿಗಿ ಬರ್ತದ" ಎಂಬುದನ್ನು ನಾನು ಯಾವ ಇಂಗ್ಲಿಷಿನಲ್ಲಿ ಹೇಳಲಿ? ತಪ್ಪು ಇಂಗ್ಲಿಷು ಆಡುವ ಭಯವೂ ನನ್ನ ಕಾಯಿಲೆಯ ಭಾಗವೇ ಆಗಿತ್ತು.

2022ರಲ್ಲಿ ಹಾಸ್ಟೆಲಿನ ಹಳೆಯ ಗೆಳತಿಯೊಬ್ಬಳು ನನ್ನ ಜೊತೆ ಬಂದಳು. ಹಿಂದಿನ ರಾತ್ರಿ ನನ್ನಿಂದ ಒಂದು ಹಾಳೆಯಲ್ಲಿ ಎಲ್ಲವನ್ನೂ ಬರೆಸಿದ್ದಳು. ಕಿಟಕಿಯಲ್ಲಿ ಮಾತಾಡಿದವಳು ಅವಳು. ಒಳಗೆ ಮನೋವೈದ್ಯರ ಮೇಜಿನ ಮೇಲೆ ಹಾಳೆ ಇಟ್ಟವಳು ನಾನು. ಅವರು ಅದನ್ನು ಎರಡು ಸಲ ಓದಿದರು. ನನ್ನ ಮುಖವನ್ನೇ ದಿಟ್ಟಿಸದೆ, ಹಾಳೆಯ ಮೇಲೆ ಬೆರಳಿಟ್ಟು, "ಈ ರೊಟ್ಟಿ ಸಂಗತಿ ಎಷ್ಟು ವರ್ಷದಿಂದ ಅದ?" ಎಂದು ಕೇಳಿದರು. ಉತ್ತರಿಸಿದೆ.

ಅವರು ಸೆರ್ಟ್ರಲಿನ್ ಎಂಬ ಮಾತ್ರೆಯನ್ನು ಸಣ್ಣ ಪ್ರಮಾಣದಲ್ಲಿ ಆರಂಭಿಸಿ, ಅದರ ಗುಣ ಕಾಣಲು ಕೆಲವು ವಾರ ಬೇಕೆಂದೂ, ತಮ್ಮನ್ನು ಕೇಳದೆ ಥಟ್ಟನೆ ನಿಲ್ಲಿಸಬಾರದೆಂದೂ ಹೇಳಿದರು. ಮಾತಿನ ಚಿಕಿತ್ಸೆಗೆ ಚಿಕಿತ್ಸಾ ಮನಶ್ಶಾಸ್ತ್ರಜ್ಞರ ಬಳಿ ಕಳಿಸಿದರು. ಇವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿರಬೇಕು; ನೋಂದಣಿ ಇದೆಯೇ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಭಯದ ಸಂದರ್ಭದಿಂದ ತಪ್ಪಿಸಿಕೊಂಡ ಕೂಡಲೇ ಹಾಯೆನಿಸುತ್ತದೆ, ಆ ಹಾಯೇ ಭಯಕ್ಕೆ ಗೊಬ್ಬರ ಎಂದು ಆ ಮನಶ್ಶಾಸ್ತ್ರಜ್ಞರು ವಿವರಿಸಿದರು. ಆದ್ದರಿಂದ ತಪ್ಪಿಸಿಕೊಳ್ಳದೆ, ಸಣ್ಣದರಿಂದ ದೊಡ್ಡದಕ್ಕೆ, ಒಂದೊಂದೇ ಸಂದರ್ಭದಲ್ಲಿ ನಿಂತು ನೋಡಬೇಕು. ಏನಾಗುತ್ತದೆಂದು ಹೆದರಿದ್ದೆವೋ ಅದನ್ನು ಮೊದಲೇ ಬರೆದಿಟ್ಟು, ನಿಜವಾಗಿ ಏನಾಯಿತೆಂದು ಪಕ್ಕದಲ್ಲೇ ಬರೆಯಬೇಕು.

ನನ್ನ ಮೊದಲ ಅಭ್ಯಾಸ ಕಲಬುರಗಿಯ ಸೂಪರ್ ಮಾರ್ಕೆಟ್ ಎಂಬ ಪೇಟೆಯ ಬಳೆ ಅಂಗಡಿಯಲ್ಲಿ. ಬೆಲೆ ಕೇಳಬೇಕು, ಕೊಳ್ಳದೆ ಬರಬೇಕು. "ಅಂಗಡಿಯವನು ಬೈಯುತ್ತಾನೆ, ನಿಂತವರೆಲ್ಲ ನಗುತ್ತಾರೆ" ಎಂದು ಬರೆದುಕೊಂಡು ಹೋಗಿದ್ದೆ. ಅಂಗಡಿಯವನು, "ಎಂಬತ್ ರೂಪಾಯಿ ಅಕ್ಕಾ" ಎಂದು ಹೇಳಿ ಪಕ್ಕದವರ ಕಡೆ ತಿರುಗಿದ. ಅಷ್ಟೇ. ಮನೆಗೆ ಬಂದು ಅದನ್ನು ಬರೆಯುವಾಗ ನಾನು ಅತ್ತೆ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನಲ್ಲಿ ಹಣ ಕೊಡುವ ಪ್ರಸಂಗವಿಲ್ಲದಿದ್ದರೂ ಇಳಿಯುವ ಊರನ್ನು ಹೇಳಲೇಬೇಕಲ್ಲ. ಕಂಡಕ್ಟರರು ಕೇಳುವ ಮೊದಲೇ ಊರಿನ ಹೆಸರನ್ನು ಗಟ್ಟಿಯಾಗಿ ಹೇಳುವುದು ನನ್ನ ಮುಂದಿನ ಪಾಠವಾಯಿತು. ಈಗ ನಾನು ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುತ್ತೇನೆ. ಸಭೆಗಳಲ್ಲಿ ಇಂದಿಗೂ ಅಂಗೈ ಬೆವರುತ್ತದೆ, ಆದರೆ ಎದ್ದು ಹೋಗುವುದಿಲ್ಲ.

ದವಾಖಾನೆಗಳನ್ನು ನಡೆಸುವವರಲ್ಲಿ ನನ್ನದೊಂದು ಕಳಕಳಿಯ ವಿನಂತಿ. ಮನೋರೋಗ ವಿಭಾಗದಲ್ಲಿ ಹೆಸರಿನ ಬದಲು ಸಂಖ್ಯೆ ಕರೆಯಿರಿ. ಚೀಟಿಯ ಕಿಟಕಿಯಲ್ಲಿ ತೊಂದರೆಯನ್ನು ಬರೆದು ಕೊಡಲು ಅವಕಾಶ ಮಾಡಿರಿ. ಇದಕ್ಕೆ ಹೊಸ ಕಟ್ಟಡವೂ ಬೇಡ, ಹೆಚ್ಚಿನ ಹಣವೂ ಬೇಡ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ರೋಗಿಯ ವಿವರಗಳನ್ನು ಗುಟ್ಟಾಗಿ ಇಡಬೇಕೆನ್ನುತ್ತದೆ. ಆ ಗುಟ್ಟು ಡಾಕ್ಟರ ಕೋಣೆಯ ಹೊರಗಿನ ಬೆಂಚಿನಿಂದಲೇ ಶುರುವಾಗಬೇಕು.

ದವಾಖಾನೆಯ ತನಕ ಹೋಗಲಾಗದವರಿಗೆ 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ ಇದೆ. ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ, ಕನ್ನಡದಲ್ಲಿಯೇ ಮಾತಾಡಬಹುದು. ಫೋನೂ ಭಯವೇ ಎಂಬುದು ನನಗೆ ಗೊತ್ತು. ಅಂಥವರು ಹೇಳಬೇಕಾದದ್ದನ್ನು ಬರೆದುಕೊಂಡು, ನೋಡಿ ಓದಬಹುದು.

ಕೊನೆಗೆ, ಅಂದು ನಾನು ಮೇಜಿನ ಮೇಲಿಟ್ಟ ಹಾಳೆಯ ಮೊದಲ ಸಾಲುಗಳನ್ನು ನಿಧಾನವಾಗಿ ಓದುತ್ತೇನೆ. ಬೇಕಾದವರು ಹೀಗೆಯೇ ಬರೆದುಕೊಳ್ಳಬಹುದು.

"ಡಾಕ್ಟರರೇ, ನನಗೆ ಮಂದಿಯ ಮುಂದೆ ಮಾತಾಡಲು, ಉಣ್ಣಲು ಬಹಳ ಹೆದರಿಕೆಯಾಗುತ್ತದೆ. ಸುಮಾರು 10 ವರ್ಷದಿಂದ ಹೀಗಿದೆ. ಇದರಿಂದ ಎರಡು ಕೆಲಸದ ಸಂದರ್ಶನಗಳಿಗೆ ಹೋಗಲಿಲ್ಲ. ಈಗಲೂ ಬಾಯಿಂದ ಹೇಳಲು ಆಗುತ್ತಿಲ್ಲ, ಅದಕ್ಕೆ ಬರೆದಿದ್ದೇನೆ. ದಯವಿಟ್ಟು ಪೂರ್ತಿ ಓದಿರಿ."