ಎಳ್ಳಿನ ನೆಂಟ ಮರ: ಬೆಂಗಳೂರಿನ ಅಂಗಳದಲ್ಲಿ ಉಂಕರಿನ

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವ ಬಹಳ ಜನರ ತಾರಸಿಯಲ್ಲಿ ಅಡೀನಿಯಂ ಇದ್ದೇ ಇರುತ್ತದೆ, ಅಲ್ವಾ? ಇವತ್ತು ಅದರ ಹಾಗೇ ಬುಡ ಊದಿಕೊಂಡು, ಆದರೆ ನಿಜವಾಗಿಯೂ ಮರದಂತೆ ಬೆಳೆಯುವ ಒಂದು ಗಿಡದ ಬಗ್ಗೆ ಮಾತಾಡುತ್ತೇನೆ. ಹೆಸರು ಉಂಕರಿನ. ತವರು ಮಡಗಾಸ್ಕರ್. ಇದರಲ್ಲಿ ಹತ್ತಕ್ಕೂ ಜಾಸ್ತಿ ಜಾತಿಗಳಿವೆ, ಎಲ್ಲವೂ ಆ ದ್ವೀಪದವೇ. ತೋಟಗಳಲ್ಲಿ ಹೆಚ್ಚಾಗಿ ಬೆಳೆಸುವುದು ಉಂಕರಿನ ಗ್ರಾಂಡಿಡಿಯೇರಿ. 19ನೇ ಶತಮಾನದಲ್ಲಿ ಮಡಗಾಸ್ಕರ್ ಸುತ್ತಿದ ಫ್ರಾನ್ಸಿನ ಆಲ್ಫ್ರೆಡ್ ಗ್ರಾಂಡಿಡಿಯೇ ಅವರ ಹೆಸರು ಅದಕ್ಕಿದೆ.

ಅದರ ಹೂವನ್ನು ಒಮ್ಮೆ ನೋಡಬೇಕು ನೀವು! ಅಚ್ಚ ಹಳದಿ, ಗಂಟಲಿನಲ್ಲಿ ಕಡುಗಪ್ಪು ಛಾಯೆ. ಬಣ್ಣ ಬೇರೆಯಾದರೂ ಆ ಕೊಳವೆಯ ಆಕಾರ ಎಳ್ಳಿನ ಹೂವನ್ನು ನೆನಪಿಸುತ್ತದೆ. ಇದು ಎಳ್ಳಿನ ಕುಟುಂಬದ ಮರವೇ. ನಮ್ಮ ಬಯಲುಸೀಮೆಯ ಆನೆನೆಗ್ಗಿಲು ಕೂಡ ಇವರ ಬಳಗ. ಆನೆನೆಗ್ಗಿಲನ್ನು ನೀರಲ್ಲಿ ಕದಡಿದರೆ ನೀರು ಲೋಳೆಯಾಗುತ್ತದೆ. ಉಂಕರಿನದ ಎಲೆಯಲ್ಲೂ ಅಂಥದೇ ಲೋಳೆ. ನಾವು ದಾಸವಾಳದ ಎಲೆ ಅರೆದು ತಲೆಗೆ ಹಚ್ಚುವ ಹಾಗೆ ಅಲ್ಲಿನವರು ಈ ಎಲೆಯಿಂದ ತಲೆ ತೊಳೆಯುತ್ತಾರೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಬೆಂಗಳೂರಿನಲ್ಲಿ ಇದಕ್ಕೆ ಬಿಸಿಲಿನ ಭಯವಿಲ್ಲ. ನಮ್ಮ ಚಳಿಯನ್ನೂ ತಡೆಯುತ್ತದೆ. ಭಯ ಇರುವುದು ಮಳೆಯದು. ಮಡಗಾಸ್ಕರಿನ ನೈಋತ್ಯದಲ್ಲಿ, ತುಲಿಯಾರಾ ಊರಿನ ಕಡೆ, ವರ್ಷಕ್ಕೆ ಬೀಳುವ ಮಳೆ ಸುಮಾರು 400 ಮಿಲಿಮೀಟರ್. ನಮ್ಮಲ್ಲಿ ಅದರ ಎರಡು ಪಟ್ಟಿಗೂ ಜಾಸ್ತಿ. ಅದರಲ್ಲೂ ಸೆಪ್ಟೆಂಬರ್, ಅಕ್ಟೋಬರಿನಲ್ಲೇ ಜೋರು. ಗಿಡ ಎಲೆ ಉದುರಿಸಿ ಮಲಗಲು ತಯಾರಾಗುವ ಹೊತ್ತಿಗೆ ಬೇರಿನ ಸುತ್ತ ನೀರು ನಿಂತಿರುತ್ತದೆ. ದಪ್ಪ ಬೇರು ಕೊಳೆಯುವುದು ಆಗಲೇ. ಹಾಗಾಗಿ ಕುಂಡದಲ್ಲಿದ್ದರೆ ಗಣೇಶನ ಹಬ್ಬ ಮುಗಿದ ಮೇಲೆ ಸೂರಿನ ಕೆಳಗೆ ಸರಿಸಿಬಿಡಿ. ಬಿಸಿಲು ಮಾತ್ರ ಬೀಳುತ್ತಿರಲಿ. ನೆಲದಲ್ಲಾದರೆ ಒಂದೂವರೆ ಅಡಿ ಎತ್ತರದ ದಿಬ್ಬ ಮಾಡಿ ಅದರ ಮೇಲೆ ನೆಡಿ. ಎಲೆ ಪೂರ್ತಿ ಉದುರಿದ ಮೇಲೆ ನೀರು ನಿಲ್ಲಿಸಿ. ಬೋಳು ಗಿಡ ನೋಡಿ ಕನಿಕರಪಟ್ಟು ನೀರು ಹಾಕಬೇಡಿ, ದಯವಿಟ್ಟು. ಬೇಸಿಗೆ ಶುರುವಾಗಿ ಚಿಗುರು ಕಂಡ ಮೇಲೆ ಬೇಕಾದಷ್ಟು ಕೊಡಿ. ಎಲೆ ತುಂಬಿದಾಗ ಇದು ಚೆನ್ನಾಗಿ ನೀರು ಕುಡಿಯುವ ಗಿಡ. ಸುಮ್ನೆ ಕಳ್ಳಿಯ ಜೊತೆ ಸೇರಿಸಿ ಒಣಗಿಸಿದರೆ ಹೂವು ಬರುವುದಿಲ್ಲ.

ಮಣ್ಣು ಹಗುರ ಇರಲಿ. ಕೆಂಪು ಮಣ್ಣಿಗೆ ಅರ್ಧಕ್ಕರ್ಧ ಸಣ್ಣ ಜಲ್ಲಿ, ಇಟ್ಟಿಗೆ ಚೂರು, ಒಂದಿಷ್ಟು ಹಳೆಯ ಗೊಬ್ಬರ ಸಾಕು. ಎಂ-ಸ್ಯಾಂಡ್ ಹಾಕುವವರು ಜರಡಿ ಹಿಡಿದು ಪುಡಿ ತೆಗೆಯಿರಿ. ಕೊಕೊಪೀಟ್ ನೀರು ಹಿಡಿದಿಡುತ್ತದೆ, ಅದು ಇಲ್ಲಿ ಬೇಡವೇ ಬೇಡ.

ಹೂವು ಬರುವುದು ಹೊಸ ಚಿಗುರಿನಲ್ಲಿ. ಅದಕ್ಕೇ ಫೆಬ್ರವರಿ ಕೊನೆಗೆ ಕೊಂಬೆ ಕತ್ತರಿಸುವುದು ಒಳ್ಳೆಯದು.

ಕಾಯಿಯ ಬಗ್ಗೆ ಎಚ್ಚರಿಕೆಯ ಮಾತು ಹೇಳಲೇಬೇಕು. ಅದರ ಮೈತುಂಬ ಉದ್ದ ಮುಳ್ಳು, ಪ್ರತಿ ಮುಳ್ಳಿನ ತುದಿಯಲ್ಲಿ ಕೊಕ್ಕೆ. ಬಟ್ಟೆಗೋ ಬೆರಳಿಗೋ ಹಿಡಿದರೆ ಬಿಡಿಸುವುದು ಕಷ್ಟ. ಮಡಗಾಸ್ಕರಿನಲ್ಲಿ ಇದನ್ನು ಇಲಿ ಹಿಡಿಯಲು ಬಳಸುತ್ತಾರೆ. ಮನೆಯಲ್ಲಿ ಮಗುವೋ ನಾಯಿಯೋ ಇದ್ದರೆ ಹೂವು ಬಾಡಿದ ಕೂಡಲೇ ಚಿವುಟಿ. ಬೀಜ ಬೇಕೇ ಬೇಕೆಂದರೆ ಒಂದೆರಡು ಕಾಯಿ ಬಿಟ್ಟು, ದಪ್ಪ ಕೈಗವಸು ಹಾಕಿ ಕೀಳಿ.

ಬೀಜ ಮೊಳೆಯಲು ಹಠ ಮಾಡುತ್ತದೆ. ಮೇಲಿನ ಗಟ್ಟಿ ಸಿಪ್ಪೆಯನ್ನು ನಾಜೂಕಾಗಿ ಬಿಡಿಸಿ ಬಿತ್ತಿದರೆ ಬೇಗ ಬರುತ್ತದೆ. ಕಡ್ಡಿ ಊರುವುದು ಸುಲಭ. ಕತ್ತರಿಸಿದ ತುದಿ ಕೆಲವು ದಿನ ನೆರಳಲ್ಲಿ ಒಣಗಲಿ, ಆಮೇಲೆ ಬೇಸಿಗೆಯ ಬಿಸಿಯಲ್ಲಿ ನೆಡಿ. ಆದರೆ ಚೆಂದದ ದಪ್ಪ ಬುಡ ಬೇಕೆನ್ನುವವರು ಬೀಜದ ಗಿಡವನ್ನೇ ಬೆಳೆಸಿ. ನನ್ನ ಮರದ ಕಡ್ಡಿ ಬೇಕಾದವರು ಹೊರಡುವ ಮೊದಲು ಹೆಸರು ಬರೆಸಿ, ಫೆಬ್ರವರಿಯಲ್ಲಿ ಕತ್ತರಿಸಿದಾಗ ಕೊಡುತ್ತೇನೆ.